ಟುರೋನ್ ಕರಿಯದೆ ಮಾಡಿದರೂ ಗರಿಗರಿ ಬರುತ್ತಾ?

ಪ್ರಶ್ನೆ: ನಾನು ದುಬೈನಲ್ಲಿದ್ದೇನೆ. ಆಫೀಸಿನಲ್ಲಿ ಜೊತೆಗೆ ಕೆಲಸ ಮಾಡುವ ಫಿಲಿಪೀನ್ಸ್‌ನವರೊಬ್ಬರು ಟುರೋನ್ ಅಂತ ಬಾಳೆಹಣ್ಣಿನ ತಿಂಡಿ ತರುತ್ತಾರೆ. ಮನೆಯಲ್ಲಿ ಎಲ್ಲರಿಗೂ ಅದು ಬಹಳ ಹಿಡಿಸಿದೆ. ಆದರೆ ಎಣ್ಣೆ, ಸಕ್ಕರೆ ಎರಡೂ ಜಾಸ್ತಿ. ಎಣ್ಣೆ ಹಾಕದೆ ಓವನ್‌ನಲ್ಲಿ ಮಾಡಿ ನೋಡಿದೆ. ಮೇಲೆ ಒಣ ಕಾಗದ, ಒಳಗೆ ನೀರು ನೀರು. ಕರಿಯದೆ ಚೆನ್ನಾಗಿ ಮಾಡಲು ಆಗುತ್ತಾ?

ಉತ್ತರ: ಆಗುತ್ತದೆ. ಆದರೆ ಎಣ್ಣೆಯನ್ನು ಪೂರ್ತಿ ಬಿಟ್ಟರೆ ಆಗುವುದಿಲ್ಲ. ಸಕ್ಕರೆಯನ್ನು ಎಲ್ಲಿ ಹಾಕುತ್ತೀರಿ ಅನ್ನುವುದೂ ಮುಖ್ಯ. ನಿಮ್ಮ ಓವನ್ ಪ್ರಯೋಗ ಕೆಟ್ಟಿದ್ದು ಬಹುಶಃ ಈ ಎರಡರಿಂದಲೇ.

ಮೊದಲು ಮೂಲದ ಟುರೋನ್ ಹೇಗೆ ಆಗುತ್ತದೆ ಅಂತ ನೋಡೋಣ. ಫಿಲಿಪೀನ್ಸ್‌ನಲ್ಲಿ ಇದು ಮೆರಿಯೆಂಡಾ ಹೊತ್ತಿನ ತಿಂಡಿ, ಅಂದರೆ ಊಟಗಳ ನಡುವೆ ತಿನ್ನುವಂಥದ್ದು. ನಮ್ಮಲ್ಲಿ ಸಂಜೆ ಕಾಫಿಗೆ ಬೋಂಡಾ, ಬಜ್ಜಿ ಇದ್ದ ಹಾಗೆ. ಇದಕ್ಕೆ ಲುಂಪ್ಯಾಂಗ್ ಸಾಗಿಂಗ್ ಅಂತಲೂ ಹೆಸರಿದೆ. ಸಾಗಿಂಗ್ ಅಂದರೆ ಬಾಳೆಹಣ್ಣು. ಲುಂಪ್ಯಾ ಅಂದರೆ ತೆಳು ಹಾಳೆಯಲ್ಲಿ ಸುತ್ತಿದ ರೋಲ್. ಆ ಹಾಳೆಯೂ ಹೆಸರೂ ಅಲ್ಲಿಗೆ ಚೀನಾದ ಫುಜಿಯಾನ್ ಕಡೆಯಿಂದ ಬಂದವು.

ಹಣ್ಣು ಸಾಬಾ ಬಾಳೆ. ಗಿಡ್ಡ, ದಪ್ಪ, ಮೂಲೆಮೂಲೆಯಾಗಿ ಚೌಕದಂತೆ ಕಾಣುವ ಹಣ್ಣು. ಹಿಟ್ಟಿನಂಶ ಜಾಸ್ತಿ, ಹಾಗಾಗಿ ಬೇಯಿಸಿದರೂ ಕರಗಿ ಹೋಗುವುದಿಲ್ಲ. ಉದ್ದಕ್ಕೆ ಸೀಳಿ, ಕಂದು ಸಕ್ಕರೆಯಲ್ಲಿ ಹೊರಳಿಸಿ, ಪಕ್ಕದಲ್ಲಿ ಒಂದು ಎಳೆ ಹಲಸಿನ ಹಣ್ಣಿಟ್ಟು ಸುತ್ತುತ್ತಾರೆ. ಹಲಸಿಗೆ ಅಲ್ಲಿ ಲಾಂಗ್ಕಾ ಅನ್ನುತ್ತಾರೆ. ಆ ಒಂದು ಎಳೆಯಿಂದಲೇ ಇಡೀ ರೋಲ್‌ಗೆ ಘಮ ಬರುತ್ತದೆ. ನಮಗೆ ಹೇಳಿಕೊಡಬೇಕಾ?

ಕರಿಯುವ ರೀತಿ ಇನ್ನೂ ಚೆಂದ. ಕಾದ ಎಣ್ಣೆಗೆ ಮೊದಲು ಸಕ್ಕರೆಯನ್ನೇ ಹಾಕುತ್ತಾರೆ. ಅದು ಕರಗಿ, ಕೆಂಪಗಾಗಿ ಮೇಲೆ ತೇಲುತ್ತದೆ. ಆಗ ರೋಲ್‌ಗಳನ್ನು ಬಿಟ್ಟು ಹೊರಳಿಸುತ್ತಾರೆ. ತೇಲುವ ಪಾಕ ಎಳೆಎಳೆಯಾಗಿ ಹಾಳೆಗೆ ಅಂಟಿಕೊಳ್ಳುತ್ತದೆ. ಹೊರಗೆ ತೆಗೆದು ಆರಲು ಬಿಟ್ಟರೆ ಗಾಜಿನಂತೆ ಗಟ್ಟಿಯಾಗುತ್ತದೆ. ಕಚ್ಚಿದಾಗ ಮೊದಲು ಒಡೆಯುವುದು ಈ ಪಾಕದ ಪದರ, ಆಮೇಲೆ ಹಾಳೆ, ಆಮೇಲೆ ಮೆತ್ತಗಿನ ಹಣ್ಣು. ಟುರೋನ್ ಅನ್ನಿಸುವುದೇ ಆ ಸದ್ದಿನಿಂದ. ಹಗುರ ಮಾಡುತ್ತೇವೆ ಅಂತ ಅದನ್ನು ಕಳೆದುಕೊಂಡರೆ ಉಳಿಯುವುದು ಸುಮ್ನೆ ಬೆಂದ ಬಾಳೆಹಣ್ಣು.

ಈಗ ನಿಮ್ಮ ಓವನ್ ವಿಷಯ. ಕಾದ ಎಣ್ಣೆ ಹಾಳೆಯನ್ನು ಎಲ್ಲ ಕಡೆಯಿಂದ ಒಟ್ಟಿಗೆ ಬಿಸಿ ಮಾಡುತ್ತದೆ. ಹಾಳೆಯ ನೀರು ಕ್ಷಣದಲ್ಲಿ ಆವಿಯಾಗಿ ಗುಳ್ಳೆ ಏಳುತ್ತದೆ. ಓವನ್‌ನ ಗಾಳಿಗೆ ಅಷ್ಟು ಶಕ್ತಿ ಇಲ್ಲ. ಎಣ್ಣೆಯ ಪಸೆ ಇಲ್ಲದ ಹಾಳೆ ಕೆಂಪಗಾಗುವ ಮೊದಲೇ ಒಣಗಿ ಬಿಡುತ್ತದೆ. ಇನ್ನು ಒಳಗೆ ಹಾಕಿದ ಸಕ್ಕರೆ ಹಣ್ಣಿನ ನೀರನ್ನು ಹೊರಗೆ ಎಳೆಯುತ್ತದೆ. ಎಣ್ಣೆಯಲ್ಲಾದರೆ ಕೆಲವೇ ನಿಮಿಷದ ಕೆಲಸ, ಅಷ್ಟರಲ್ಲಿ ತೊಂದರೆಯಾಗದು. ಓವನ್‌ನಲ್ಲಿ ಕಾಲು ಗಂಟೆ ಇದ್ದರೆ ಆ ನೀರು ಹಾಳೆಯನ್ನು ಒಳಗಿನಿಂದ ನೆನೆಸುತ್ತದೆ.

ಆದ್ದರಿಂದ ನನ್ನ ಸಲಹೆ ಇಷ್ಟು: ಒಳಗೆ ಸಕ್ಕರೆ ಬೇಡವೇ ಬೇಡ. ಹಣ್ಣು ಮಾಗಿದ್ದರೆ ಅದರ ಸಿಹಿಯೇ ಸಾಕು, ಜೊತೆಗೆ ಹಲಸು ಇದೆಯಲ್ಲ. ಇರುವ ಸ್ವಲ್ಪ ಸಕ್ಕರೆಯನ್ನೆಲ್ಲ ಹೊರಗೆ, ಕೊನೆಯಲ್ಲಿ ಹಾಕಿ. ನಾಲಿಗೆಗೆ ಮೊದಲು ತಾಗುವುದು ಹೊರಗಿನ ಸಿಹಿಯೇ. ಅದಕ್ಕೇ ಕಡಿಮೆ ಸಕ್ಕರೆಯಲ್ಲೂ ರುಚಿ ತುಂಬಿದಂತೆ ಅನ್ನಿಸುತ್ತದೆ.

ಹಣ್ಣು ಯಾವುದು? ದುಬೈನಲ್ಲಿ ಫಿಲಿಪೀನ್ಸ್ ಸಾಮಾನಿನ ಅಂಗಡಿಗಳಲ್ಲಿ ಸಾಬಾ ಕೇಳಿ ನೋಡಿ. ಊರಲ್ಲಿರುವವರು ನೇಂದ್ರ ಬಾಳೆ ತೆಗೆದುಕೊಳ್ಳಿ. ಸಾಬಾ ಅಲ್ಲದಿದ್ದರೂ ಗಟ್ಟಿತನ ಹತ್ತಿರ ಬರುತ್ತದೆ. ಸಿಪ್ಪೆ ಪೂರ್ತಿ ಹಳದಿಯಾಗಿ ಅಲ್ಲಲ್ಲಿ ಕಪ್ಪು ಚುಕ್ಕೆ ಇರಬೇಕು, ಒತ್ತಿದರೆ ತಿರುಳು ಇನ್ನೂ ಬಿಗಿಯಾಗಿರಬೇಕು. ಪಚ್ಚಬಾಳೆ, ಏಲಕ್ಕಿ ಬಾಳೆ ಬೇಡ. ಬಿಸಿ ತಾಗಿದರೆ ಪಾಯಸದ ಹದಕ್ಕೆ ಬರುತ್ತವೆ.

8 ರೋಲ್‌ಗೆ 4 ಸಾಬಾ ಅಥವಾ 2 ದೊಡ್ಡ ನೇಂದ್ರ, 8 ಸ್ಪ್ರಿಂಗ್ ರೋಲ್ ಶೀಟ್, ಎರಡು ಮೂರು ಹಲಸಿನ ತೊಳೆ, 2 ಟೀ ಚಮಚ ಎಣ್ಣೆ, 4 ಟೀ ಚಮಚ ಕಂದು ಸಕ್ಕರೆ. ಫ್ರೀಜರ್‌ನ ಶೀಟನ್ನು ಒದ್ದೆ ಬಟ್ಟೆಯ ಕೆಳಗೆ ಮೆತ್ತಗಾಗಲು ಬಿಡಿ, ಇಲ್ಲದಿದ್ದರೆ ಅಂಚು ಒಣಗಿ ಸೀಳುತ್ತದೆ. ಸಾಬಾ ಆದರೆ ಉದ್ದಕ್ಕೆ ಎರಡಾಗಿ ಸೀಳಿ. ನೇಂದ್ರ ಆದರೆ ಮೊದಲು ಅಡ್ಡಕ್ಕೆ ತುಂಡು ಮಾಡಿ ಆಮೇಲೆ ಸೀಳಿ. ಹಣ್ಣನ್ನೂ ಹಲಸನ್ನೂ ಬಟ್ಟೆಯಿಂದ ಒತ್ತಿ ಒರೆಸಿ. ಇದನ್ನು ದಯವಿಟ್ಟು ಬಿಡಬೇಡಿ. ಒಂದೇ ಶೀಟಿನಲ್ಲಿ ಬಿಗಿಯಾಗಿ ಸುತ್ತಿ, ಅಂಚಿಗೆ ಮೈದಾ ಕಲಸಿದ ನೀರು ಸವರಿ ಅಂಟಿಸಿ.

ಇಲ್ಲಿಂದ ಎರಡು ದಾರಿ. ನನಗೆ ಇಷ್ಟ ಕಾವಲಿಯ ದಾರಿ. ಮೂಲದ ರುಚಿಗೆ ಅದೇ ಹತ್ತಿರ. ರೋಲ್‌ಗಳಿಗೆ ಕೈಯಿಂದಲೇ ಎಣ್ಣೆ ಸವರಿ, ಮಧ್ಯಮ ಉರಿಯಲ್ಲಿ, ಅಂಟಿದ ಅಂಚು ಕೆಳಗೆ ಬರುವಂತೆ ಇಡಿ. ನಾಲ್ಕೂ ಮಗ್ಗುಲು ಹೊನ್ನಿನ ಬಣ್ಣ ಬರಲಿ. ಎಂಟು ಹತ್ತು ನಿಮಿಷ ಹಿಡಿಯುತ್ತದೆ, ಅವಸರ ಬೇಡ. ಆಮೇಲೆ ರೋಲ್‌ಗಳನ್ನು ಒಂದು ಪಕ್ಕಕ್ಕೆ ಸರಿಸಿ, ಖಾಲಿ ಜಾಗಕ್ಕೆ ಸಕ್ಕರೆ ಉದುರಿಸಿ. ಮೊದಲು ಅಂಚು ಕರಗುತ್ತದೆ, ನಂತರ ಎಲ್ಲವೂ ಕೆಂಪು ಪಾಕವಾಗುತ್ತದೆ. ಆ ಕ್ಷಣದಲ್ಲೇ ರೋಲ್‌ಗಳನ್ನು ಅದರ ಮೇಲೆ ಉರುಳಿಸಿ ತೆಗೆದುಬಿಡಿ. ಅರ್ಧ ನಿಮಿಷ ತಡವಾದರೂ ಕಹಿ. ಪಾಕ ಚರ್ಮಕ್ಕೆ ತಾಗಿದರೆ ಅಂಟಿಕೊಂಡು ಸುಡುತ್ತದೆ, ಇಕ್ಕಳದಲ್ಲೇ ಹಿಡಿಯಿರಿ. ಇದಕ್ಕೆ ನಾನ್‌ಸ್ಟಿಕ್ ಪ್ಯಾನ್ ಬಳಸಿ, ನಿಮ್ಮ ಪಳಗಿದ ದೋಸೆ ಕಾವಲಿ ಬೇಡ. ಸಕ್ಕರೆ ಹಿಡಿದ ಕಾವಲಿಯಲ್ಲಿ ಮರುದಿನ ದೋಸೆ ಏಳುವುದಿಲ್ಲ.

ಓವನ್ ಆದರೆ 200 ಡಿಗ್ರಿ. ಎಣ್ಣೆ ಸವರಿದ ರೋಲ್‌ಗಳನ್ನು ಜಾಲರಿಯ ಮೇಲಿಟ್ಟು 15 ನಿಮಿಷ, ನಡುವೆ ಒಮ್ಮೆ ಮಗುಚಿ. ಅಷ್ಟರಲ್ಲಿ ಸಕ್ಕರೆಗೆ ಒಂದು ಟೀ ಚಮಚ ನೀರು ಸೇರಿಸಿ ಕರಗಿಸಿಕೊಂಡು, ಮೇಲೆ ತೆಳ್ಳಗೆ ಬಳಿದು ಮತ್ತೆ ಮೂರು ನಾಲ್ಕು ನಿಮಿಷ ಇಡಿ. ಏರ್ ಫ್ರೈಯರ್‌ನಲ್ಲೂ ಇದೇ ಕ್ರಮ, ಹೊತ್ತು ಕಡಿಮೆ ಸಾಕು. ಗರಿಗರಿ ಬರುತ್ತದೆ, ಆದರೆ ಗಾಜಿನಂಥ ಪದರ ಕಾವಲಿಯಷ್ಟು ಚೆನ್ನಾಗಿ ಕೂರುವುದಿಲ್ಲ.

ಎಷ್ಟು ಹಗುರವಾಯಿತು? ಒಂದು ಟೀ ಚಮಚ ಎಣ್ಣೆಯಲ್ಲಿ ಸುಮಾರು 40 ಕ್ಯಾಲೊರಿ, ಒಂದು ಟೀ ಚಮಚ ಸಕ್ಕರೆಯಲ್ಲಿ ಸುಮಾರು 16. ಇಲ್ಲಿ 8 ರೋಲ್‌ಗೆ ಹಂಚಿದರೆ ಒಂದಕ್ಕೆ ಎಣ್ಣೆಯಿಂದ 10, ಸಕ್ಕರೆಯಿಂದ 8 ಕ್ಯಾಲೊರಿ. ಮೂಲದ ರೀತಿಯಲ್ಲಿ ಒಂದು ರೋಲ್‌ಗೆ ಒಂದು ದೊಡ್ಡ ಚಮಚ ಸಕ್ಕರೆ ಹಿಡಿದರೂ ಅದೊಂದೇ 48 ಆಗುತ್ತದೆ, ಎಣ್ಣೆ ಬೇರೆ. ಆದರೆ ಹಣ್ಣು ಮತ್ತು ಮೈದಾ ಹಾಳೆಯ ಕ್ಯಾಲೊರಿ ಎರಡು ರೀತಿಯಲ್ಲೂ ಅಷ್ಟೇ ಇರುತ್ತದೆ. ಮನೆಯಲ್ಲಿ ಸಕ್ಕರೆ ಕಾಯಿಲೆಯವರು ಇದ್ದರೆ ಹಗುರ ಅನ್ನುವ ಮಾತು ನಂಬಿ ಮೂರು ನಾಲ್ಕು ಕೊಡಬೇಡಿ. ಅವರಿಗೆ ಒಂದು ಸಾಕು, ಅದೂ ಪಾಕ ಬಳಿಯದೆ.

ಅಂಥವರಿಗೆ ಫಿಲಿಪೀನ್ಸ್‌ನದೇ ಇನ್ನೊಂದು ತಿಂಡಿ ಹೆಚ್ಚು ಹೊಂದುತ್ತದೆ. ಮಿಂಡನಾವೊ ಕಡೆ ಸಾಬಾ ಹಣ್ಣನ್ನು ಬಿದಿರು ಕಡ್ಡಿಗೆ ಚುಚ್ಚಿ ಕೆಂಡದ ಮೇಲೆ ಸುಡುತ್ತಾರೆ. ಹೆಸರು ಗಿನಾಂಗ್‌ಗಾಂಗ್. ಮೇಲೆ ಮಾರ್ಗರಿನ್ ಸವರಿ ಸಕ್ಕರೆ ಉದುರಿಸುತ್ತಾರೆ, ನೀವು ಆ ಎರಡನ್ನೂ ಕಡಿಮೆ ಮಾಡಬಹುದು. ಹಾಳೆಯಿಲ್ಲ, ಕರಿಯುವುದಿಲ್ಲ. ಸಾಬಾವನ್ನು ಸಿಪ್ಪೆ ಸಮೇತ ಸುಮ್ನೆ ಬೇಯಿಸಿ ತಿನ್ನುವ ರೂಢಿಯೂ ಅಲ್ಲಿದೆ. ಹಗುರವಾಗಿ ತಿನ್ನುವುದನ್ನು ಅವರಿಗೆ ನಾವು ಕಲಿಸಬೇಕಾಗಿಲ್ಲ ಅಲ್ವಾ?

ಹಬ್ಬಕ್ಕೋ ನೆಂಟರಿಗೋ ಕರಿಯಲೇಬೇಕು ಅಂದರೆ ಒಂದು ಮಾತು. ಎಣ್ಣೆ ತಿಂಡಿಯೊಳಗೆ ಹೆಚ್ಚಾಗಿ ಇಳಿಯುವುದು ಬಾಣಲೆಯಿಂದ ತೆಗೆದ ಮೇಲೆ. ಆವಿ ತಣಿಯುತ್ತಿದ್ದಂತೆ ಹೊರಮೈಯ ಎಣ್ಣೆ ಒಳಕ್ಕೆ ಎಳೆದುಕೊಳ್ಳುತ್ತದೆ. ಹಾಗಾಗಿ ತೆಗೆದ ತಕ್ಷಣ ಜಾಲರಿಯ ಮೇಲೆ ನಿಲ್ಲಿಸಿ ಸೋರಲು ಬಿಡಿ. ಒಂದರ ಮೇಲೊಂದು ಪೇರಿಸಬೇಡಿ.

ಪಾಕದ ಪದರ ಗಾಳಿಯ ತೇವ ಹೀರಿ ಬೇಗ ಮೆತ್ತಗಾಗುತ್ತದೆ, ಮಾಡಿದ ಕಾಲು ಗಂಟೆಯೊಳಗೆ ತಿನ್ನಿ. ಜಾಸ್ತಿ ಸುತ್ತಿದ್ದರೆ ಬೇಯಿಸದೆಯೇ, ಒಂದಕ್ಕೊಂದು ತಾಗದಂತೆ ಫ್ರೀಜರ್‌ನಲ್ಲಿಡಿ. ಬೇಕೆನಿಸಿದ ಸಂಜೆ ಕರಗಲು ಬಿಡದೆ ನೇರವಾಗಿ ಕಾವಲಿಗೆ ಹಾಕಿ, ಉರಿ ಸ್ವಲ್ಪ ತಗ್ಗಿಸಿ ಇನ್ನೂ ಮೂರು ನಾಲ್ಕು ನಿಮಿಷ ಹೆಚ್ಚು ಬೇಯಿಸಿ. ಸಕ್ಕರೆ ಆಗಲೂ ಕೊನೆಗೇ.