ದನಿ ನಿಂತರೂ ಮಂಕು ಹೋಗದ್ದೇಕೆ?

ಸ್ಕಿಜೋಫ್ರೀನಿಯಾ ಎಂಬ ಮನೋರೋಗಕ್ಕೆ ಮಾತ್ರೆ ಶುರುವಾದ ಮೇಲೆ ಹೆಚ್ಚಿನವರಿಗೆ ಕಿವಿಯಲ್ಲಿ ಕೇಳುವ ದನಿ ಕಡಿಮೆಯಾಗುತ್ತದೆ, ಅನುಮಾನ ತಗ್ಗುತ್ತದೆ. ಆಮೇಲೆ ಶಿರಸಿ ಕಡೆಯ ಮನೆಗಳಲ್ಲಿ ಬೇರೆಯೇ ದೂರು. ಅಡಿಕೆ ಆರಿಸಲು ಕೂತವನು ಚಾಲಿ, ಕೋಕ, ಬಿಳೆಗೋಟು ಎಲ್ಲ ಒಂದೇ ಬುಟ್ಟಿಗೆ ಹಾಕುತ್ತಾನೆ. ಪೇಟೆಯಿಂದ ಮೂರು ಸಾಮಾನು ತಾ ಅಂದರೆ ಒಂದು ತರುತ್ತಾನೆ. ಸೋಮಾರಿ ಅನ್ನುವವರು ಕೆಲವರು, ಮಾತ್ರೆಯಿಂದಲೇ ಮಂಕಾದ ಅನ್ನುವವರು ಜಾಸ್ತಿ.

ಎರಡನೆಯ ಮಾತು ಅರ್ಧ ನಿಜ. ನೆನಪು, ಗಮನ ಕುಗ್ಗುವುದು ಕಾಯಿಲೆಯದೇ ಭಾಗ. ಎಷ್ಟೋ ಜನರಲ್ಲಿ ದನಿ ಕೇಳಿಸುವ ಮೊದಲೇ ಅದು ಶುರುವಾಗಿರುತ್ತದೆ. ಜರ್ಮನಿಯ ಮನೋವೈದ್ಯ ಎಮಿಲ್ ಕ್ರೆಪೆಲಿನ್ 1890ರ ದಶಕದಲ್ಲೇ ಇದನ್ನು ಗುರುತಿಸಿದ್ದರು. 1952ರಲ್ಲಿ ಪ್ಯಾರಿಸ್‌ನಲ್ಲಿ ಕ್ಲೋರ್‌ಪ್ರೊಮಜೀನ್ ಎಂಬ ಔಷಧ ಈ ಕಾಯಿಲೆಗೆ ಫಲ ಕೊಟ್ಟಿತು. ಭ್ರಮೆ ಇಳಿದದ್ದು ಎಲ್ಲರ ಕಣ್ಣಿಗೆ ಬಿತ್ತು, ಮರೆವು ದಶಕಗಟ್ಟಲೆ ಮೂಲೆಗೆ ಸರಿಯಿತು.

ಇನ್ನರ್ಧ ನಿಜ ಇರುವುದು ಜೊತೆಗೆ ಬಂದ ಸಣ್ಣ ಮಾತ್ರೆಯಲ್ಲಿ. ಹೆಸರು ಟ್ರೈಹೆಕ್ಸಿಫೆನಿಡಿಲ್. ಹಳೆಯ ಔಷಧಗಳು ಮೆದುಳಿನ ಡೋಪಮೈನ್ ಎಂಬ ರಾಸಾಯನಿಕವನ್ನು ತಡೆಯುವುದರಿಂದ ಕೈ ನಡುಗುತ್ತದೆ, ಮೈ ಬಿಗಿಯುತ್ತದೆ. ಅದಕ್ಕೆ ಇದು ಒಳ್ಳೆಯ ಪರಿಹಾರವೇ. ಆದರೆ ಇದು ತಡೆಯುವುದು ಅಸಿಟೈಲ್‌ಕೋಲಿನ್ ಎಂಬ ಇನ್ನೊಂದು ರಾಸಾಯನಿಕವನ್ನು. ನೆನಪಿಗೂ ಅದೇ ಬೇಕು! ಬಾಯಿ ಒಣಗುತ್ತದೆ, ಮಲಬದ್ಧತೆಯಾಗುತ್ತದೆ, ಹೊಸದೇನೂ ತಲೆಗೆ ಹತ್ತುವುದಿಲ್ಲ. ನಡುಕ ನಿಂತ ಮೇಲೂ ಈ ಮಾತ್ರೆ ಚೀಟಿಯಿಂದ ಚೀಟಿಗೆ ನಕಲಾಗುತ್ತ ಉಳಿದುಬಿಡುವುದುಂಟು. ಕಾರವಾರದಿಂದ ಘಟ್ಟ ಹತ್ತಿ ಧಾರವಾಡದ ಮಾನಸಿಕ ಆಸ್ಪತ್ರೆಗೆ ಹೋಗಿ, ಸರದಿ ಕಾದು, ‘ಅದೇ ಮುಂದುವರಿಸಿ’ ಅನ್ನಿಸಿಕೊಂಡು ಬಸ್ಸಿಗೆ ಓಡುವವರಿಗೆ ಕೇಳುವ ಪುರುಸೊತ್ತೆಲ್ಲಿ? ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೇ ಮನೋವೈದ್ಯರು ಬರುವ ಏರ್ಪಾಡು ಆದದ್ದು ಈ ಓಡಾಟ ತಪ್ಪಿಸಲೆಂದೇ. ಅಲ್ಲೂ ಸಾಲು ಉದ್ದವಿದ್ದರೆ ಮಾತಿಗೆ ಸಮಯ ಕಡಿಮೆಯೇ, ಅಲ್ವಾ?

1990ರ ದಶಕದ ಹೊಸ ಔಷಧಗಳು ಬುದ್ಧಿಯನ್ನೂ ಚುರುಕು ಮಾಡುತ್ತವೆ ಎಂಬ ಆಸೆ ಇತ್ತು. ಹಳೆಯ, ಹೊಸ ಔಷಧಗಳನ್ನು ಹೋಲಿಸಿ ನೋಡಿದ ಅಮೆರಿಕದ ‘ಕೇಟೀ’ ಅಧ್ಯಯನದ 2007ರ ಫಲಿತಾಂಶ ಅದಕ್ಕೆ ತಣ್ಣೀರೆರಚಿತು. ಹಳೆಯ ಪರ್ಫೆನಜೀನ್‌ಗಿಂತ ಹೊಸವು ಮೇಲೇನೂ ಅಲ್ಲ, ಸುಧಾರಣೆ ಎಲ್ಲದರಲ್ಲೂ ಅಷ್ಟಿಷ್ಟೇ. ಮರೆವಿಗೆಂದೇ ತಯಾರಾದ ಐಕ್ಲೆಪರ್ಟಿನ್ ಕೂಡ ಕೊನೆಯ ಹಂತದ ಪ್ರಯೋಗಗಳಲ್ಲಿ ಸೋತದ್ದು 2025ರ ಜನವರಿಯಲ್ಲಿ ತಿಳಿಯಿತು.

ಸದ್ಯಕ್ಕೆ ಸ್ವಲ್ಪವಾದರೂ ಫಲ ಕೊಡುವುದು ಗಮನ ಮತ್ತು ನೆನಪಿನ ಅಭ್ಯಾಸ, ಅದರ ಜೊತೆಗೆ ನಿಜವಾದ ಕೆಲಸ. ಒಮ್ಮೆಗೆ ಒಂದೇ ಬಗೆಯ ಅಡಿಕೆ ಆರಿಸಲು ಕೊಟ್ಟರೂ ಆದೀತು. ಮುಖ್ಯ ಮಾತ್ರೆಯನ್ನು ಮನೆಯವರೇ ನಿಲ್ಲಿಸಿದರೆ ದನಿಗಳು ಮರಳುವ ಅಪಾಯ ದೊಡ್ಡದು. ಸಣ್ಣ ಮಾತ್ರೆ ಇನ್ನೂ ಬೇಕೇ ಎಂದು ಮಾತ್ರ ಕೇಳಲೇಬೇಕು. ಬೇಡವೆನಿಸಿದರೆ ವೈದ್ಯರು ಅದನ್ನು ಮೆಲ್ಲಗೆ ಇಳಿಸುತ್ತಾರೆ.