ಗಂಟೆ ಹೊಡೆದ ಮೇಲೆ ಶಾಲೆ ಯಾರಿಗೆ ತೆರೆದಿದೆ? ಶಾಲಾ ಸೌಲಭ್ಯಗಳ ಸಮುದಾಯ ಬಳಕೆಯ ಕುರಿತು ಅಧ್ಯಯನ ಟಿಪ್ಪಣಿ

ಮಂಗಳೂರು, ಉಡುಪಿ ಭಾಗದಲ್ಲಿ ಶಾಲೆಯ ಮೈದಾನವನ್ನು ಊರಿಗೆ ತೆರೆಯಬೇಕೇ ಎಂದು ಯಾರೂ ಕೇಳುವುದಿಲ್ಲ. ಅದು ತೆರೆದು ಬಹಳ ಕಾಲವಾಗಿದೆ. ಮಳೆಗಾಲ ಮುಗಿದರೆ ಸಾಕು, ಹೊನಲು ಬೆಳಕಿನ ವಾಲಿಬಾಲ್, ಕಬಡ್ಡಿ ಪಂದ್ಯಾಟಗಳು ಅಲ್ಲಿ ನಡೆಯುತ್ತವೆ, ಹರಕೆಯ ಬಯಲಾಟಕ್ಕೆ ರಂಗಸ್ಥಳವೂ ಅಲ್ಲೇ ಏಳುತ್ತದೆ. ಚುನಾವಣೆ ಬಂದಾಗ ತರಗತಿಯ ಕೋಣೆ ಮತಗಟ್ಟೆಯಾಗುತ್ತದೆ, ನೆರೆ ಬಂದಾಗ ಕಾಳಜಿ ಕೇಂದ್ರವಾಗುತ್ತದೆ. ಆದ್ದರಿಂದ ಶಿಕ್ಷಕ ತರಬೇತಿಯಲ್ಲಿರುವ ನಾವು ‘ಶಾಲೆ ಮತ್ತು ಸಮುದಾಯ’ ಎಂಬ ಅಧ್ಯಾಯವನ್ನು ಓದುವಾಗ ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆಯದು: ಹೀಗೆ ತೆರೆದ ಅಂಗಳಕ್ಕೆ ಯಾರು ಬರುತ್ತಿದ್ದಾರೆ, ಯಾರು ಬರುತ್ತಿಲ್ಲ?

ಸಂಜೆಯ ಹೊತ್ತು ಯಾವುದೇ ಶಾಲಾ ಮೈದಾನದ ಬದಿಯಲ್ಲಿ ನಿಂತರೆ ಉತ್ತರ ಬಹುಮಟ್ಟಿಗೆ ಕಾಣುತ್ತದೆ. ಆಡುವವರು ಹುಡುಗರು ಮತ್ತು ಯುವಕರು. ಹೆಣ್ಣುಮಕ್ಕಳು, ವಯಸ್ಸಾದವರು, ಗಾಲಿಕುರ್ಚಿ ಬಳಸುವವರು ವಿರಳ. ಕಟ್ಟಡ ಕೆಲಸಕ್ಕೆಂದು ಉತ್ತರ ಕರ್ನಾಟಕದಿಂದ ಬಂದವರ ಮಕ್ಕಳು ಅದೇ ಶಾಲೆಯಲ್ಲಿ ಕಲಿಯುತ್ತಿದ್ದರೂ, ಅವರ ತಂದೆತಾಯಿಗಳಲ್ಲಿ ಅನೇಕರು ದಾಖಲಾತಿಯ ದಿನದ ಬಳಿಕ ಆ ಗೇಟು ದಾಟಿರುವುದಿಲ್ಲ. ಬರಬೇಡಿ ಎಂದು ಅವರಿಗೆ ಯಾರೂ ಹೇಳಿಲ್ಲ. ಬನ್ನಿ ಎಂದೂ ಹೇಳಿಲ್ಲ.

ಈ ವಿಚಾರಕ್ಕೆ ಚರಿತ್ರೆಯಿದೆ. ಇಂಗ್ಲೆಂಡಿನ ಕೇಂಬ್ರಿಡ್ಜ್‌ಶೈರ್‌ನಲ್ಲಿ ಶಿಕ್ಷಣಾಧಿಕಾರಿಯಾಗಿದ್ದ ಹೆನ್ರಿ ಮಾರಿಸ್ 1924ರಲ್ಲಿ ‘ಗ್ರಾಮ ಕಾಲೇಜು’ಗಳ ಯೋಜನೆಯನ್ನು ಮುಂದಿಟ್ಟರು. ಹಗಲು ಮಕ್ಕಳಿಗೆ ಶಾಲೆಯಾಗಿ, ಸಂಜೆ ದೊಡ್ಡವರಿಗೆ ಗ್ರಂಥಾಲಯ, ಸಭಾಂಗಣ, ಕಲಿಕೆಯ ತಾಣವಾಗಿ ಒಂದೇ ಕಟ್ಟಡ ಕೆಲಸ ಮಾಡಬೇಕೆಂಬುದು ಅವರ ಆಶಯ. ಅಂಥ ಮೊದಲ ಸಂಸ್ಥೆ 1930ರಲ್ಲಿ ಸಾಸ್ಟನ್‌ನಲ್ಲಿ ಆರಂಭವಾಯಿತು. ನಮ್ಮೂರಿನ ಚರಿತ್ರೆ ಇದಕ್ಕಿಂತ ಕಹಿಯಾದದ್ದು. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು ದಲಿತ ಮಕ್ಕಳಿಗಾಗಿಯೇ ಶಾಲೆ ತೆರೆಯಬೇಕಾಯಿತು, 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಸ್ಥಾಪಿಸಬೇಕಾಯಿತು. ಏಕೆಂದರೆ ಅಂದು ಇದ್ದ ಶಾಲೆಗಳ ಬಾಗಿಲು ಆ ಮಕ್ಕಳಿಗೆ ಮುಚ್ಚಿತ್ತು. ‘ಊರಿನ ಶಾಲೆ’ ಎಂದು ಅಭಿಮಾನದಿಂದ ಹೇಳುವಾಗ ಆ ಊರಿನಲ್ಲಿ ಯಾರೆಲ್ಲ ಸೇರಿದ್ದಾರೆ ಎಂದು ಕೇಳುವ ಅಭ್ಯಾಸವನ್ನು ನಾವು ಅಲ್ಲಿಂದಲೇ ಕಲಿಯಬೇಕೆಂದು ನನಗೆ ಅನ್ನಿಸುತ್ತದೆ.

ಕಾನೂನು ಏನು ಹೇಳುತ್ತದೆ?

2020ರ ರಾಷ್ಟ್ರೀಯ ಶಿಕ್ಷಣ ನೀತಿಯು ತರಗತಿಗಳಿಲ್ಲದ ವೇಳೆಯಲ್ಲಿ ಶಾಲಾ ಕಟ್ಟಡವನ್ನು ‘ಸಾಮಾಜಿಕ ಚೇತನಾ ಕೇಂದ್ರ’ವಾಗಿ ಬಳಸಬಹುದೆಂದು ಸೂಚಿಸುತ್ತದೆ. ಆದರೆ ನೀತಿ ಕಾನೂನಲ್ಲ. ಬಂಧನಕಾರಿಯಾದದ್ದು 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ. ಇದರ 16ನೆಯ ಕಲಂ ಶಾಲೆಯ ಕಟ್ಟಡ, ಆವರಣ ಮತ್ತು ಸೌಲಭ್ಯಗಳು ಎಲ್ಲರಿಗೂ ಬಳಸಲು ಬರುವಂತಿರಬೇಕೆನ್ನುತ್ತದೆ. ಶಿಕ್ಷಣಕ್ಕೆ, ಮನರಂಜನೆಗೆ, ಸಾಂಸ್ಕೃತಿಕ ಕಾರ್ಯಕ್ರಮಗಳಿಗೆ ಜನರು ಬಳಸುವ ಕಟ್ಟಡ ಸರ್ಕಾರಿಯಾಗಲಿ ಖಾಸಗಿಯಾಗಲಿ, ಅದನ್ನು ಸಾರ್ವಜನಿಕ ಕಟ್ಟಡವೆಂದೇ ಈ ಅಧಿನಿಯಮ ಪರಿಗಣಿಸುತ್ತದೆ. ಹಳೆಯ ಸಾರ್ವಜನಿಕ ಕಟ್ಟಡಗಳನ್ನು ಸರಿಪಡಿಸಲು 45ನೆಯ ಕಲಂ ಕೊಟ್ಟದ್ದು ನಿಯಮಗಳು ಪ್ರಕಟವಾದ ದಿನದಿಂದ ಐದು ವರ್ಷ. ನಿಯಮಗಳು ಬಂದದ್ದು 2017ರ ಜೂನ್‌ನಲ್ಲಿ. ಅಂದರೆ ಆ ಗಡುವು 2022ರಲ್ಲೇ ಮುಗಿದಿದೆ.

ನಿರ್ಧಾರ ಕೈಗೊಳ್ಳುವವರು ಯಾರು ಎಂಬುದೂ ಮುಖ್ಯ. ಶಿಕ್ಷಣ ಹಕ್ಕು ಕಾಯ್ದೆಯ 21ನೆಯ ಕಲಂ ಪ್ರಕಾರ ಶಾಲಾ ನಿರ್ವಹಣಾ ಸಮಿತಿಯಲ್ಲಿ, ಅಂದರೆ ನಮ್ಮ ಎಸ್‌ಡಿಎಂಸಿಯಲ್ಲಿ, ಕನಿಷ್ಠ ಮುಕ್ಕಾಲು ಪಾಲು ಪೋಷಕರಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು. ಅನುದಾನಿತ ಶಾಲೆಗಳಲ್ಲಿ ಈ ಸಮಿತಿಯ ಪಾತ್ರ ಸಲಹೆಗೆ ಸೀಮಿತ. ಚರ್ಚ್, ಮಠ, ಟ್ರಸ್ಟ್‌ಗಳು ನಡೆಸುವ ಅನುದಾನಿತ ಶಾಲೆಗಳು ಬಹಳ ಇರುವ ಮಂಗಳೂರಿನಲ್ಲಿ ಇದನ್ನು ಮರೆಯುವಂತಿಲ್ಲ. ಅಲ್ಲಿ ಮಾತುಕತೆ ಆಡಳಿತ ಮಂಡಳಿಯೊಂದಿಗೇ ನಡೆಯಬೇಕು.

ಮೆಟ್ಟಿಲು ಮತ್ತು ಶೌಚಾಲಯ

ಇನ್ನು ಕಟ್ಟಡವನ್ನೇ ಹತ್ತಿರದಿಂದ ನೋಡೋಣ. ಮುರಕಲ್ಲಿನ ಗೋಡೆ, ಹಂಚಿನ ಮಾಡು, ಉದ್ದದ ಜಗಲಿ, ಜಗಲಿಗೆ ಏರಲು ಮೂರು ಮೆಟ್ಟಿಲು: ಇದು ನಮ್ಮ ಹಳೆಯ ಹಿರಿಯ ಪ್ರಾಥಮಿಕ ಶಾಲೆಗಳ ಸಾಮಾನ್ಯ ಸ್ವರೂಪ. ಜಗಲಿಯ ಎತ್ತರ 45 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಇಳಿಜಾರು 1:12ಕ್ಕಿಂತ, ಅಂದರೆ ಒಂದು ಪಾಲು ಎತ್ತರಕ್ಕೆ ಹನ್ನೆರಡು ಪಾಲು ಉದ್ದ ಎಂಬುದಕ್ಕಿಂತ, ಕಡಿದಾಗಿರಬಾರದು ಎಂಬ ಮಾನದಂಡದಂತೆ ರ‍್ಯಾಂಪ್‌ನ ಉದ್ದ ಕನಿಷ್ಠ 5.4 ಮೀಟರ್ ಆಗಬೇಕು. ಎರಡು ಮೀಟರಿನಲ್ಲಿ ಮುಗಿಸಿದ ರ‍್ಯಾಂಪ್ ಲೆಕ್ಕಪತ್ರದಲ್ಲಿ ರ‍್ಯಾಂಪೇ, ಆದರೆ ಅದರ ಮೇಲೆ ಯಾರೂ ಒಬ್ಬರೇ ಗಾಲಿಕುರ್ಚಿಯನ್ನು ಏರಿಸಲಾರರು. ಏರಿದರೂ ಕೋಣೆಯ ಹೊಸ್ತಿಲು ಎದುರಾಗುತ್ತದೆ, ಬಾಗಿಲಿನ ಅಗಲ 90 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ಅಲ್ಲಿಯೂ ತಡೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎಡೆಬಿಡದೆ ಸುರಿಯುವ ನಮ್ಮ ಮಳೆಗೆ ನಯವಾದ ಸಿಮೆಂಟಿನ ಮೇಲೆ ಪಾಚಿ ಕಟ್ಟುತ್ತದೆ. ಒರಟು ಮೇಲ್ಮೈ, ಎರಡೂ ಬದಿ ಕೈಹಿಡಿ, ಸಾಧ್ಯವಾದರೆ ಮೇಲೊಂದು ಮಾಡು ಇಲ್ಲದ ರ‍್ಯಾಂಪ್ ಇಲ್ಲಿ ವರ್ಷದ ಮೂರನೆಯ ಒಂದು ಭಾಗ ಅಪಾಯಕಾರಿಯೇ ಆಗಿರುತ್ತದೆ.

ಶೌಚಾಲಯದ ವಿಷಯ ಇನ್ನೂ ಸೂಕ್ಷ್ಮ. ಮೈದಾನ ತೆರೆದಿಟ್ಟು ಶೌಚಾಲಯಕ್ಕೆ ಬೀಗ ಹಾಕುವುದು ರೂಢಿ. ನಿರ್ವಹಣೆಯ ಭಯದಿಂದ ಹೀಗೆ ಮಾಡುತ್ತಾರೆ, ಆ ಭಯ ಸುಳ್ಳೂ ಅಲ್ಲ. ಆದರೆ ಈ ಒಂದು ಬೀಗದಿಂದ ಮಹಿಳೆಯರು, ಮಧುಮೇಹವಿರುವ ಹಿರಿಯರು, ಚಿಕ್ಕ ಮಕ್ಕಳ ತಾಯಂದಿರು ಒಂದು ಗಂಟೆಗಿಂತ ಹೆಚ್ಚು ಅಲ್ಲಿ ಇರಲಾರದಂತಾಗುತ್ತದೆ. ಸಮುದಾಯ ಬಳಕೆಗೆ ಹಣ ಸ್ವಲ್ಪವೇ ಇದ್ದರೆ, ಹೊಸ ವೇದಿಕೆಗಿಂತ ಮೊದಲು ಅದನ್ನು ಶೌಚಾಲಯಕ್ಕೆ, ನೀರಿಗೆ ಮತ್ತು ಅಲ್ಲಿಗೆ ಹೋಗುವ ದಾರಿಯ ದೀಪಕ್ಕೆ ಖರ್ಚು ಮಾಡಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಸಮಯ, ಶುಲ್ಕ, ಕೀಲಿಕೈ

ಮೈದಾನ ಎಲ್ಲರಿಗೂ ಎಂದು ಬಿಟ್ಟರೆ ಅದು ಬಲವಿದ್ದವರ ಪಾಲಾಗುತ್ತದೆ. ವಾರದಲ್ಲಿ ಕೆಲವು ಸಂಜೆಗಳನ್ನು ಹುಡುಗಿಯರ ಆಟಕ್ಕೆ, ಬೆಳಗಿನ ಒಂದು ಹೊತ್ತನ್ನು ಹಿರಿಯರ ನಡಿಗೆಗೆ, ಒಂದು ಕೋಣೆಯನ್ನು ಸ್ವಸಹಾಯ ಸಂಘದ ಸಭೆಗೆ ಮೊದಲೇ ಕಾದಿರಿಸಿದರೆ ಮಾತ್ರ ಪಾಲು ಸಿಗುತ್ತದೆ. ಪಂದ್ಯಾಟದ ಸಂಘಟಕರಿಂದ ಶುಲ್ಕ ಪಡೆದು ಇಂಥ ಬಳಕೆಯನ್ನು ಉಚಿತವಾಗಿಡುವುದು ನ್ಯಾಯವೇ. ಪ್ರಕಟಣೆ ಕನ್ನಡದಲ್ಲಿ ಹಾಕಿದರೆ ಸಾಲದು. ಓದಲು ಬಾರದವರಿಗೆ ತುಳು, ಬ್ಯಾರಿ, ಕೊಂಕಣಿಯಲ್ಲಿ ಬಾಯಿಮಾತಿನಿಂದ ತಿಳಿಸುವ ಆಶಾ ಕಾರ್ಯಕರ್ತೆಯರು, ಅಂಗನವಾಡಿ ಕಾರ್ಯಕರ್ತೆಯರು ನಮ್ಮಲ್ಲಿದ್ದಾರೆ.

ಶಿಕ್ಷಕರ ಆತಂಕವನ್ನೂ ಗೌರವದಿಂದ ಕೇಳಬೇಕು. ಜನಗಣತಿ, ಚುನಾವಣೆ, ವಿಪತ್ತು ಪರಿಹಾರ ಬಿಟ್ಟರೆ ಶಿಕ್ಷಕರನ್ನು ಶೈಕ್ಷಣಿಕವಲ್ಲದ ಕೆಲಸಕ್ಕೆ ಹಚ್ಚಬಾರದೆಂದು ಶಿಕ್ಷಣ ಹಕ್ಕು ಕಾಯ್ದೆಯ 27ನೆಯ ಕಲಂ ಹೇಳುತ್ತದೆ. ಹಾಗಾಗಿ ಭಾನುವಾರದ ಕೀಲಿಕೈ ಮುಖ್ಯೋಪಾಧ್ಯಾಯಿನಿಯ ಕೈಯಲ್ಲಿ ಇರಕೂಡದು. ಹಳೆ ವಿದ್ಯಾರ್ಥಿ ಸಂಘ, ಮಹಿಳಾ ಮಂಡಲ ಮತ್ತು ಗ್ರಾಮ ಪಂಚಾಯತ್‌ಗಳಿಂದ ಒಬ್ಬೊಬ್ಬರನ್ನು ಹೊಣೆಗಾರರನ್ನಾಗಿ ಹೆಸರಿಸಿ, ವಿದ್ಯುತ್ ಬಿಲ್ಲು, ಸ್ವಚ್ಛತೆ, ಮುರಿದ ಬೆಂಚಿನ ದುರಸ್ತಿ ಯಾರದೆಂದು ಲಿಖಿತ ಒಪ್ಪಂದದಲ್ಲಿ ಬರೆಯಬೇಕು. ತರಗತಿ ನಡೆಯುವಾಗ ಹೊರಗಿನವರಿಗೆ ಪ್ರವೇಶವಿಲ್ಲ ಎಂಬುದನ್ನೂ ಅದರಲ್ಲಿಯೇ ಸೇರಿಸಬೇಕು. ಸ್ವಚ್ಛಗೊಳಿಸುವವರಿಗೆ ಸಂಬಳ ಕೊಡದೆ ಶ್ರಮದಾನದ ಭರವಸೆಯ ಮೇಲೆ ನಿಂತ ಒಪ್ಪಂದ ಹೆಚ್ಚು ದಿನ ಬಾಳದು, ಏಕೆಂದರೆ ಸೋಮವಾರ ಬೆಳಿಗ್ಗೆ ಗಲೀಜಾದ ಕೋಣೆಯನ್ನು ಗುಡಿಸುವ ಕೆಲಸ ಕೊನೆಗೆ ಮಕ್ಕಳ ಮೇಲೆಯೇ ಬೀಳುತ್ತದೆ.