‘ಹುಡುಗ ಎಚ್‌ಎಂಟಿ’ ಕಾಲದಿಂದ ಸಿಟಿಸಿ ಕಾಲಕ್ಕೆ: ತುಮಕೂರಿನ ಎಂಜಿನಿಯರ್ ಸಂಬಳ

ಎಂಬತ್ತರ ದಶಕದ ತುಮಕೂರಿನಲ್ಲಿ ‘ಹುಡುಗ ಎಚ್‌ಎಂಟಿ’, ಅಂದರೆ ಊರಿನ ಎಚ್‌ಎಂಟಿ ವಾಚ್ ಕಾರ್ಖಾನೆಯಲ್ಲಿ ಕೆಲಸ ಎಂದರೆ ಹೆಣ್ಣಿನ ಕಡೆಯವರಿಗೆ ಅರ್ಧ ಸಮಾಧಾನ. ಕೇಂದ್ರ ಸರ್ಕಾರದ ಉದ್ಯಮ, ತುಟ್ಟಿಭತ್ಯೆ, ಪಿಎಫ್ ಎಲ್ಲವೂ ಇತ್ತು. ಅದೇ ವಾಚ್ ಕಂಪನಿಯನ್ನು ಮುಚ್ಚಲು 2016ರಲ್ಲಿ ಕೇಂದ್ರ ಒಪ್ಪಿದಾಗ, ನೌಕರರ ಪರಿಹಾರಕ್ಕೆ 2007ರ ವೇತನ ಶ್ರೇಣಿಯನ್ನು ಲೆಕ್ಕಕ್ಕಷ್ಟೇ ಹಿಡಿಯಬೇಕಾಯಿತು. ಕೈಗೆ ಬರುತ್ತಿದ್ದ ಸಂಬಳ ಅದಕ್ಕಿಂತ ಹಳೆಯ ಶ್ರೇಣಿಯಲ್ಲೇ ನಿಂತಿತ್ತು.

ಕಾರ್ಖಾನೆಯ ಎಂಜಿನಿಯರ್‌ಗಿಂತ ಸಾಫ್ಟ್‌ವೇರ್ ಎಂಜಿನಿಯರ್‌ಗೆ ಸಂಬಳ ಹೆಚ್ಚು ಎಂಬಂತೆ ಲೆಕ್ಕ ತಿರುಗಿದ್ದು 1991ರಲ್ಲಿ. ಜುಲೈನ ಅಪಮೌಲ್ಯದಿಂದ 21 ರೂಪಾಯಿ ಆಸುಪಾಸಿನಲ್ಲಿದ್ದ ಡಾಲರ್ 26ರ ಹತ್ತಿರ ಹೋಯಿತು. ಅದೇ ವರ್ಷ ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕ್ ವ್ಯವಸ್ಥೆ ಬಂತು. ಅದರಡಿ ರಫ್ತಿನ ಲಾಭಕ್ಕೆ ಸಿಕ್ಕ ತೆರಿಗೆ ವಿನಾಯಿತಿ 2011ರ ಮಾರ್ಚ್‌ವರೆಗೆ ನಡೆಯಿತು. ಸಾಫ್ಟ್‌ವೇರ್ ಕಂಪನಿ ಬಿಲ್ ಮಾಡುವುದು ಡಾಲರಿನಲ್ಲಿ, ಸಂಬಳ ಕೊಡುವುದು ರೂಪಾಯಿಯಲ್ಲಿ. ತುಮಕೂರಿನ ಕೈಗಾರಿಕಾ ಪ್ರದೇಶ ವಸಂತನರಸಾಪುರದ ವಾಹನ ಬಿಡಿಭಾಗ ಕಾರ್ಖಾನೆಗೆ ಉಕ್ಕು, ಕರೆಂಟು, ಯಂತ್ರದ ಸಾಲದ ಕಂತು ಕಳೆದು ಉಳಿದದ್ದರಲ್ಲಿ ಸಂಬಳ. ಅದರ ಮೇಲೆ ವಾಹನ ಕಂಪನಿಗಳು ವರ್ಷವರ್ಷ ದರ ಇಳಿಸಿ ಎನ್ನುತ್ತವೆ. ಅಂತರ ಹುಟ್ಟಿದ್ದು ಹೀಗೆ. ಮೆಕ್ಯಾನಿಕಲ್, ಸಿವಿಲ್ ಓದಿದವರ ಬುದ್ಧಿಗೆ ಇದರಲ್ಲಿ ಯಾವ ಪಾಲೂ ಇಲ್ಲ.

ಆದರೆ ಮೊದಲ ವರ್ಷದ ಅಂತರ ಕ್ಯಾಂಪಸ್‌ನಲ್ಲಿ ಕಾಣುವಷ್ಟು ದೊಡ್ಡದಲ್ಲ. ಸಾಫ್ಟ್‌ವೇರ್ ಕಂಪನಿಯ ಸಿಟಿಸಿ (ನಿಮಗಾಗಿ ಕಂಪನಿ ವರ್ಷಕ್ಕೆ ಮಾಡುವ ಒಟ್ಟು ಖರ್ಚು) 3.6 ಲಕ್ಷ ಎಂದರೆ ತಿಂಗಳಿಗೆ 30,000. ಮೂಲವೇತನ 15,000 ಇದ್ದರೆ ಕಂಪನಿಯ ಪಾಲಿನ ಪಿಎಫ್ 1,800, ಗ್ರಾಚ್ಯುಯಿಟಿ ಸುಮಾರು 720, ಶೇ 10 ವೇರಿಯಬಲ್ (ಸಾಧನೆ ನೋಡಿ ಆಮೇಲೆ ಕೊಡುವ ಭಾಗ) ಎಂದರೆ 3,000. ಇವು ಆ ಮೂವತ್ತು ಸಾವಿರದೊಳಗೇ ಸೇರಿವೆ. ನಿಮ್ಮ ಪಾಲಿನ ಪಿಎಫ್ 1,800 ಕಳೆದರೆ ಕೈಗೆ ಬರುವುದು ಸುಮಾರು 22,700. ಬೆಂಗಳೂರಿನ ಪಿಜಿಗೆ 8,000 ಕೊಟ್ಟರೆ ಉಳಿಯುವುದು 14,700. ಮನೆಯಲ್ಲೇ ಇದ್ದು, ಕಂಪನಿ ಬಸ್ಸಿನಲ್ಲಿ ಹೋಗಿ 18,000 ತರುವ ಕಾರ್ಖಾನೆಯ ಟ್ರೈನಿ ಕೈಯಲ್ಲಿ ಆ ತಿಂಗಳು ಅದಕ್ಕಿಂತ ಹೆಚ್ಚೇ ಉಳಿಯಬಹುದು. ಆಫರ್ ಲೆಟರ್‌ನ ಮೊದಲ ಪುಟ ಬಿಟ್ಟು ಕೊನೆಯ ಅನೆಕ್ಷರ್ (ಅನುಬಂಧ) ಓದಿ. ವೇರಿಯಬಲ್ ಯಾವಾಗ ಕೊಡುತ್ತಾರೆ, ಕೆಲಸ ಬಿಡುವುದಿಲ್ಲ ಎಂಬ ಬಾಂಡ್ ಎಷ್ಟು ವರ್ಷ ಎಂಬುದು ಸಾಮಾನ್ಯವಾಗಿ ಅಲ್ಲಿರುತ್ತದೆ.

ನಿಜವಾದ ಅಂತರ ಬೀಳುವುದು ನಾಲ್ಕೈದು ವರ್ಷದ ಮೇಲೆ. ಕೋಡ್ ಬರೆಯುವವರು ಕಂಪನಿ ಬದಲಿಸಿದಾಗಲೆಲ್ಲ ಸಂಬಳ ಜಿಗಿಯುತ್ತದೆ. ಪ್ರೆಸ್ ಟೂಲ್ (ಲೋಹದ ಹಾಳೆ ಒತ್ತಿ ಭಾಗ ಮಾಡುವ ಅಚ್ಚು) ಕೆಲಸ ಕಲಿತವರಿಗೆ ಅದೇ ಕೆಲಸದ ಇನ್ನೊಂದು ಕಾರ್ಖಾನೆ ಹೊಸೂರಿನಲ್ಲೋ ಪುಣೆಯಲ್ಲೋ ಇರುತ್ತದೆ. ಮನೆ ಬಿಟ್ಟು ಹೊರಟರೆ ಉಳಿತಾಯದ ಅನುಕೂಲವೂ ಹೋಗುತ್ತದೆ.

ಇದರ ನಡುವೆ 2023ರ ಫೆಬ್ರವರಿಯಲ್ಲಿ ಗುಬ್ಬಿ ತಾಲ್ಲೂಕಿನಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಯಿತು. ಇಂಥ ಸಾರ್ವಜನಿಕ ಉದ್ಯಮಗಳಲ್ಲಿ ಎಂಜಿನಿಯರ್ ಟ್ರೈನಿಯ ಶ್ರೇಣಿ 40,000–1,40,000, ತುಟ್ಟಿಭತ್ಯೆ ಬೇರೆ. ಹುದ್ದೆ ಮಾತ್ರ ಕಡಿಮೆ, ಆಯ್ಕೆ ದೇಶಮಟ್ಟದ ಪರೀಕ್ಷೆಯಲ್ಲಿ. ಕಾರ್ಖಾನೆ ಪಕ್ಕದ ಊರಿನವರಾದರೂ ಅದೇ ಸಾಲಿನಲ್ಲಿ ನಿಲ್ಲಬೇಕು.